ಹರಾಜಿನ ಗಿಟಾರು: ಕೊಳ್ಳುವ ಮುನ್ನ, ಕಳಿಸುವ ಮುನ್ನ

ಆನ್‌ಲೈನ್ ಹರಾಜಿನಲ್ಲಿ ಹಳೆಯ ಅಕೌಸ್ಟಿಕ್ ಗಿಟಾರು ಕೊಳ್ಳುವುದು, ಮಾರುವುದು, ಪಾರ್ಸೆಲ್ ಮಾಡುವುದು ಹೇಗೆಂದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಜಪಾನಿನ ಹರಾಜು ತಾಣದಲ್ಲಿ ಯಮಹಾ ಎಫ್‌ಜಿ-180 ರೆಡ್ ಲೇಬಲ್ ಗಿಟಾರು ಕಂಡೆ. ಫೋಟೋದಲ್ಲಿ ಹೊಸದರಂತಿದೆ, ಬೆಲೆಯೂ ಕೈಗೆಟುಕುವಂತಿದೆ. ಬರೀ ಫೋಟೋ ನೋಡಿ ಗಿಟಾರಿನ ಸ್ಥಿತಿ ಹೇಳಲು ಆಗುತ್ತದೆಯೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಕ್ಯಾತ್ಸಂದ್ರ, ತುಮಕೂರು

ಉತ್ತರ: ಆಗುತ್ತದೆ. ಆದರೆ ಮಾರುವವರು ಹಾಕಿದ ಫೋಟೋ ಸಾಲದು, ನೀವೇ ಕೇಳಿ ತೆಗೆಸಿಕೊಂಡ ಫೋಟೋ ಬೇಕು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕೊಳ್ಳುವವರು ಬಾಕ್ಸಿನ ಮೇಲಿರುವ ಹಣ್ಣನ್ನಷ್ಟೇ ನೋಡಿ ಹರಾಜು ಕೂಗುವುದಿಲ್ಲ, ಕೈ ಹಾಕಿ ತಳದ ಹಣ್ಣನ್ನೂ ತೆಗೆದು ನೋಡುತ್ತಾರೆ. ಗಿಟಾರಿನಲ್ಲಿ ಹಾಗೆ ನೋಡಬೇಕಾದ್ದು ನೆಕ್ಕಿನ, ಅಂದರೆ ಗಿಟಾರಿನ ಉದ್ದ ಕುತ್ತಿಗೆಯ, ಕೋನ. ಪಾಲಿಶ್, ಗೀರು, ಹೊಳಪು ಎಲ್ಲ ಆಮೇಲಿನ ಮಾತು.

ಕಾರಣ ಹೀಗಿದೆ. 12 ಗೇಜ್‌ನ ಲೈಟ್ ಸ್ಟೀಲ್ ತಂತಿಗಳ ಒಟ್ಟು ಎಳೆತ 70 ಕೆಜಿ ದಾಟುತ್ತದೆ. ಹತ್ತಾರು ವರ್ಷ ಈ ಎಳೆತ ತಡೆದ ಗಿಟಾರಿನಲ್ಲಿ ನೆಕ್ಕು ಸೇರುವ ಜಾಗ ಮುಂದಕ್ಕೆ ವಾಲುತ್ತದೆ, ಬ್ರಿಜ್ಜಿನ (ಬಾಡಿಯ ಮೇಲೆ ತಂತಿ ಸಿಕ್ಕಿಸುವ ಮರದ ಪಟ್ಟಿ) ಹಿಂದೆ ಟಾಪ್ (ಮೇಲುಹಲಗೆ) ಉಬ್ಬುತ್ತದೆ, ತಂತಿ ಫ್ರೆಟ್ಟಿನಿಂದ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೇಳುತ್ತದೆ. ಆಗ ಹಳೆಯ ಮಾಲೀಕರು ಸ್ಯಾಡಲ್ (ಬ್ರಿಜ್ಜಿನಲ್ಲಿ ತಂತಿಗಳು ಕೂರುವ ತೆಳು ಪಟ್ಟಿ) ಉಜ್ಜಿ ತಂತಿ ಇಳಿಸುತ್ತಾರೆ. ಮತ್ತೆ ಎದ್ದರೆ ಮತ್ತೆ ಉಜ್ಜುತ್ತಾರೆ. ಕೊನೆಗೆ ಉಜ್ಜಲು ಸ್ಯಾಡಲ್ಲೇ ಉಳಿದಿರುವುದಿಲ್ಲ. ಹರಾಜಿಗೆ ಬರುವ ಎಷ್ಟೋ ಗಿಟಾರುಗಳು ಈ ಹಂತ ತಲುಪಿಯೇ ಬಂದಿರುತ್ತವೆ.

ಆದ್ದರಿಂದ ಮಾರುವವರಿಂದ ಮೊದಲು ಎರಡು ಅಳತೆ ಕೇಳಿ. ಗಿಟಾರನ್ನು ಸರಿಯಾಗಿ ಶ್ರುತಿ ಮಾಡಿಟ್ಟು, 12ನೇ ಫ್ರೆಟ್ಟಿನ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ, ಫ್ರೆಟ್ಟಿನ ತಲೆಯಿಂದ ದಪ್ಪ ತಂತಿಯ ತಳಕ್ಕೆ ಎಷ್ಟು ಮಿಲಿಮೀಟರ್ ಎಂದು ಪಕ್ಕದಿಂದ ಫೋಟೋ ತೆಗೆಸಿ. 2.4ರಿಂದ 2.8 ಇದ್ದರೆ ಚೆನ್ನ. ತೆಳು ತಂತಿಗೆ 1.8ರಿಂದ 2. ಎರಡನೆಯದು, ಬ್ರಿಜ್ಜಿನ ಮೇಲೆ ಸ್ಯಾಡಲ್ ಎಷ್ಟು ಎದ್ದಿದೆ ಎಂಬುದು. 3 ಮಿ.ಮೀ. ಆಸುಪಾಸು ಇದ್ದರೆ ನೆಮ್ಮದಿ.

ಈ ಎರಡನ್ನೂ ಜೊತೆಗಿಟ್ಟು ಓದಬೇಕು. 12ನೇ ಫ್ರೆಟ್ಟು ತಂತಿಯ ಉದ್ದದ ಸರಿ ಅರ್ಧ, ಹಾಗಾಗಿ ಅಲ್ಲಿ 1 ಮಿ.ಮೀ. ಇಳಿಸಲು ಸ್ಯಾಡಲ್ಲಿನಲ್ಲಿ 2 ಮಿ.ಮೀ. ತೆಗೆಯಬೇಕು. ಗಿಟಾರಿನ ಆಕ್ಷನ್, ಅಂದರೆ 12ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ, 4 ಮಿ.ಮೀ. ಇದೆ, ನಿಮಗೆ 2.6 ಬೇಕು ಎನ್ನಿ. ವ್ಯತ್ಯಾಸ 1.4, ಸ್ಯಾಡಲ್ಲಿನಲ್ಲಿ ತೆಗೆಯಬೇಕಾದ್ದು 2.8. ಸ್ಯಾಡಲ್ ಎದ್ದಿರುವುದೇ 1.5 ಎಂದಾದರೆ ಉಜ್ಜಿ ಸರಿಮಾಡುವ ದಾರಿ ಮುಚ್ಚಿತು. ನೆಕ್ಕನ್ನು ಬಿಚ್ಚಿ ಕೋನ ತಿದ್ದಿ ಮತ್ತೆ ಕೂರಿಸಬೇಕು, ಅಂದರೆ ನೆಕ್ ರೀಸೆಟ್. ಸಾಧಾರಣ ಗಿಟಾರಿಗೆ ಅದರ ಖರ್ಚು ಗಿಟಾರಿನ ಬೆಲೆಯನ್ನೇ ಮೀರುವುದುಂಟು.

ಬ್ರಿಜ್ಜನ್ನೇ ಕೆತ್ತಿ ತೆಳು ಮಾಡಿ, ಸ್ಯಾಡಲ್ ಎತ್ತರವಾಗಿ ಕಾಣಿಸುವಂತೆ ಮಾಡಿದ ಗಿಟಾರುಗಳೂ ಇವೆ. ಅದಕ್ಕೆ ಮೂರನೆಯ ಅಳತೆ ಬೇಕು: ಬ್ರಿಜ್ಜಿನ ಮುಂದೆ, ಟಾಪಿನಿಂದ ತಂತಿಯ ತಳಕ್ಕೆ ಎಷ್ಟು ಎತ್ತರ? 12–13 ಮಿ.ಮೀ. ಸರಿ. 9–10ಕ್ಕೆ ಇಳಿದಿದ್ದು ಆಕ್ಷನ್ ಮಾತ್ರ ಚೆನ್ನಾಗಿದ್ದರೆ ಯಾರೋ ಕೆತ್ತಿದ್ದಾರೆ ಎಂದೇ ತಿಳಿಯಿರಿ.

ಉಳಿದಂತೆ ಈ ಫೋಟೋಗಳು ಬೇಕು: ಹೆಡ್‌ಸ್ಟಾಕ್ (ಬಿರಡೆಗಳಿರುವ ತಲೆ) ಕಡೆಯಿಂದ ನೆಕ್ಕಿನ ಎರಡೂ ಅಂಚು ಉದ್ದಕ್ಕೆ ಕಾಣುವಂತೆ, ತಲೆಯ ಬುಡದಲ್ಲಿ ತಂತಿ ಹಾಯುವ ಪಟ್ಟಿಯಾದ ನಟ್ಟಿನ ಹಿಂಭಾಗ ಹತ್ತಿರದಿಂದ (ಮುರಿದು ಅಂಟಿಸಿದ ಗೆರೆ ಕಾಣುವುದು ಇಲ್ಲೇ), ನೆಕ್ಕಿನ ಬುಡ ಬಾಡಿಗೆ ಸೇರುವ ಕಡೆ ಸಂದಿ ಬಿಟ್ಟಿದೆಯೇ, ಬ್ರಿಜ್ಜಿನ ಹಿಂದಿನ ಅಂಚಿಗೆ ತೆಳು ಕಾಗದ ತೂರಿಸಿ. ಕಾಗದ 1–2 ಮಿ.ಮೀ. ಗಿಂತ ಒಳಗೆ ಹೋದರೆ ಬ್ರಿಜ್ಜು ಏಳುತ್ತಿದೆ. ಟಾಪಿನ ಮೇಲೆ ಪಕ್ಕದಿಂದ ಟಾರ್ಚು ಬಿಟ್ಟು ತೆಗೆದ ಫೋಟೋದಲ್ಲಿ ಗೀರು ಯಾವುದು, ಬಿರುಕು ಯಾವುದು ಗೊತ್ತಾಗುತ್ತದೆ. ಬ್ರಿಜ್ಜಿನ ಹಿಂದೆ ತುಸು ಉಬ್ಬಿದ್ದರೆ ಗಾಬರಿ ಬೇಡ, ಸ್ಟೀಲ್ ತಂತಿ ಹಾಕಿದ ಗಿಟಾರಿನಲ್ಲಿ ಅದು ಸಹಜ. ಬ್ರಿಜ್ಜಿನ ಮುಂದೆ ಗುಳಿ ಬಿದ್ದಿದ್ದರೆ ಒಳಗಿನ ಬ್ರೇಸ್ (ಟಾಪಿಗೆ ಆಸರೆಯಾದ ಮರದ ಪಟ್ಟಿ) ಬಿಟ್ಟಿರುವ ಸಾಧ್ಯತೆ ಹೆಚ್ಚು.

ಇನ್ನು ನೀವು ಕೇಳಿದ ಮಾಡೆಲ್. ಎಫ್‌ಜಿ ಸರಣಿ 1966ರಲ್ಲಿ ಎಫ್‌ಜಿ-180 ಮತ್ತು ಎಫ್‌ಜಿ-150 ಮೂಲಕ ಶುರುವಾಯಿತು. ಒಳಗಿನ ಕೆಂಪು ಲೇಬಲ್ಲಿನಲ್ಲಿ ಯಮಹಾದ ಆಗಿನ ಹೆಸರು ‘ನಿಪ್ಪಾನ್ ಗಕ್ಕಿ’ ಇರುತ್ತದೆ. 180ರ ಟಾಪ್ ಪದರ ಮರದ್ದು, ಅಂದರೆ ಪ್ಲೈ. ಸುಲಭಕ್ಕೆ ಸೀಳುವುದಿಲ್ಲ, ನಮ್ಮ ಒಣ ಹವೆಗೆ ಅದೊಂದು ಅನುಕೂಲ. ಆದರೆ ಅದರ ನೆಕ್ಕಿನ ಅಂಟು ಹಬೆಗೆ ಬೇಗ ಬಿಡುವಂಥದ್ದಲ್ಲ, ಆದ್ದರಿಂದ ರೀಸೆಟ್ ಕಷ್ಟ. ಅಳತೆ ಕಳಿಸಲು ಒಪ್ಪದ ಮಾರಾಟಗಾರರಿಂದ ಈ ಮಾಡೆಲ್ ಕೊಳ್ಳಲೇಬೇಡಿ. ವಿವರಣೆಯಲ್ಲಿ ‘ಜಂಕ್’ ಎಂದಿದ್ದರೆ ಅದಕ್ಕೆ ವಾಪಸಾತಿ ಇರುವುದಿಲ್ಲ.

ಪ್ರಶ್ನೆ: ವಿದೇಶದ ಹರಾಜಿನಲ್ಲಿ ಎಷ್ಟಕ್ಕೆ ನಿಲ್ಲಿಸಬೇಕು ಎಂದು ಹೇಗೆ ಲೆಕ್ಕ ಹಾಕುವುದು? ‘ಗಿಫ್ಟ್’ ಎಂದು ಬರೆಸಿದರೆ ಸುಂಕ ಬೀಳುವುದಿಲ್ಲವಂತೆ, ನಿಜವೇ?
— ಚಿಂತಾಮಣಿಯ ಓದುಗರು

ಉತ್ತರ: ಸುಂಕದ ಮಾತು ಮೊದಲು. ಅಗ್ಗದ ಗಿಫ್ಟ್ ಪಾರ್ಸೆಲ್ಲಿಗೆ ಇದ್ದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಸುಳ್ಳು ಬರೆಸಿದರೆ ಪಾರ್ಸೆಲ್ ಕಸ್ಟಮ್ಸಿನಲ್ಲಿ ನಿಲ್ಲುತ್ತದೆ. ಬೆಲೆ ಕಡಿಮೆ ತೋರಿಸಿದರೆ, ಗಿಟಾರು ಮುರಿದು ಬಂದಾಗ ಇನ್ಶೂರೆನ್ಸ್ ಸಿಗುವುದೂ ಅಷ್ಟೇ.

ಇದಕ್ಕಿಂತ ದೊಡ್ಡ ಸಂಗತಿಯೊಂದಿದೆ. ನಮ್ಮ ವಿದೇಶ ವ್ಯಾಪಾರ ನೀತಿಯ ಪ್ರಕಾರ ಯಂತ್ರೋಪಕರಣದಂಥ ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದು ನಿರ್ಬಂಧಿತ, ಅದಕ್ಕೆ ಪರವಾನಗಿ ಬೇಕು. ಹೊಸ ಗಿಟಾರಿಗೆ ಈ ತೊಡಕಿಲ್ಲ, ಹಳೆಯದಕ್ಕೆ ಇದೆ. ಹಾಗಾಗಿ ಬಿಡ್ ಹಾಕುವ ಮುನ್ನವೇ ಕೊರಿಯರ್ ಕಂಪನಿಯಿಂದ ‘ಬಳಸಿದ ಗಿಟಾರು ತರಿಸುತ್ತೀರಾ, ಯಾವ ಕಾಗದ ಬೇಕು’ ಎಂದು ಬರಹದಲ್ಲೇ ಉತ್ತರ ಪಡೆಯಿರಿ. ಅಲ್ಲಿಂದ ಊರಿಗೆ ಬರುವ ಬಂಧುಗಳಿದ್ದರೆ ಲಗೇಜ್ ನಿಯಮದ ಮಿತಿ ನೋಡಿಕೊಂಡು ಅವರ ಜೊತೆ ತರಿಸುವುದು ಇದಕ್ಕಿಂತ ಸಲೀಸು.

ಈಗ ಬಿಡ್. ಇಬೇಯಂಥ ತಾಣದಲ್ಲಿ ನೀವು ಹಾಕುವುದು ಗರಿಷ್ಠ ಮೊತ್ತ. ಪೈಪೋಟಿಗೆ ಬೇಕಾದಷ್ಟನ್ನೇ ತಾಣ ನಿಮ್ಮ ಪರವಾಗಿ ಏರಿಸುತ್ತ ಹೋಗುತ್ತದೆ. ಮೂರು ದಿನ ಮುಂಚೆಯೇ ಏರಿಸಿದರೆ ಬೇರೆಯವರಿಗೆ ಮತ್ತೆ ಯೋಚಿಸಿ ಏರಿಸಲು ಸಮಯ ಕೊಟ್ಟಂತೆ. ಕೊನೆಯ ಅರ್ಧ ನಿಮಿಷದಲ್ಲಿ, ನಿಮ್ಮ ಮಿತಿಯ ಮೊತ್ತವನ್ನು ಒಂದೇ ಸಲ ಹಾಕಿ. ಜಪಾನಿನ ಯಾಹೂ ಹರಾಜಿನಲ್ಲಿ ಈ ಉಪಾಯ ನಡೆಯದು: ಅಲ್ಲಿ ಹೆಚ್ಚಿನ ಕಡೆ ಕೊನೆಯ 5 ನಿಮಿಷದಲ್ಲಿ ಬೆಲೆ ಏರಿದರೆ ಸಮಯವೂ ಮತ್ತೆ 5 ನಿಮಿಷ ಬೆಳೆಯುತ್ತದೆ. ಅಲ್ಲಿ ಮಧ್ಯವರ್ತಿ ಕಂಪನಿಯ ಮೂಲಕವೇ ಬಿಡ್ ಹಾಕಬೇಕು, ಅದರ ಸೇವಾ ಶುಲ್ಕ ಮತ್ತು ಜಪಾನಿನೊಳಗಿನ ಸಾಗಣೆ ಬೇರೆ.

ಮಿತಿಯನ್ನು ಹಿಂದಿನಿಂದ ಲೆಕ್ಕ ಹಾಕಿ. ಅದೇ ದರ್ಜೆಯ ಗಿಟಾರು ಬೆಂಗಳೂರಿನಲ್ಲಿ ಕೈಯಾರೆ ನುಡಿಸಿ ನೋಡಿ ಕೊಂಡರೆ ಎಷ್ಟು? ಅದರಿಂದ ಸಾಗಣೆ, ಸುಂಕ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ, ಬಂದ ಮೇಲಿನ ಸೆಟಪ್ (ನುಡಿಸಲು ಹದ ಮಾಡಿಸುವ) ಖರ್ಚು ಎಲ್ಲ ಕಳೆಯಿರಿ. ಉಳಿದದ್ದು ನಿಮ್ಮ ಮಿತಿ. ಸಾಗಣೆಯಲ್ಲಿ ಜನ ಎಡವುವುದು ತೂಕದ ವಿಷಯದಲ್ಲಿ. ಗಿಟಾರು 2 ಕೆಜಿ ಇದ್ದರೂ ಕೊರಿಯರಿನವರು ಬಾಕ್ಸಿನ ಗಾತ್ರದ ಮೇಲೆ ತೂಕ ಕಟ್ಟುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದ್ದು. ಕೇಸಿಲ್ಲದ ಗಿಟಾರಿನ 112×50×20 ಬಾಕ್ಸು 22.4 ಕೆಜಿ ಎನಿಸಿಕೊಳ್ಳುತ್ತದೆ. ಹಾರ್ಡ್ ಕೇಸ್ ಸಮೇತ 118×53×26 ಆದರೆ 32.5 ಕೆಜಿ. ಕೇಸಿನಿಂದಾಗಿ ಬಿಲ್ ಏರಿದರೂ ಕೇಸ್ ಇರುವ ಗಿಟಾರನ್ನೇ ಆರಿಸಿ ಎನ್ನುತ್ತೇವೆ.

ಹತ್ತು ಹದಿನೈದು ಸಾವಿರದೊಳಗಿನ ಗಿಟಾರಿಗಾಗಿ ವಿದೇಶದ ಹರಾಜಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಇಬೇಯ ಭಾರತ ತಾಣ 2018ರಲ್ಲಿ ಮುಚ್ಚಿದ ಮೇಲೆ ಇಲ್ಲಿ ಬಹುಪಾಲು ಜಾಹೀರಾತು ನೋಡಿ ಚೌಕಾಸಿ ಮಾಡುವ ವ್ಯಾಪಾರವೇ. ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗಿ ನೋಡಿ ಬರುವ ಬಸ್ ಚಾರ್ಜು ಯಾವ ಕೊರಿಯರ್ ಬಿಲ್ಲಿಗಿಂತಲೂ ಅಗ್ಗ.

ಪ್ರಶ್ನೆ: ಗಿಟಾರಿಗೆ ಮುಂಗಡ ಕಳಿಸುತ್ತೇನೆಂದು ಒಬ್ಬರು ಕ್ಯೂಆರ್ ಕೋಡ್ ಕಳಿಸಿದ್ದಾರೆ. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ನನ್ನ ಖಾತೆಗೆ ಹಣ ಬರುತ್ತದಂತೆ.
— ಗೌರಿಬಿದನೂರಿನ ಓದುಗರು

ಉತ್ತರ: ಮಾಡಬೇಡಿ, ಅದು ವಂಚನೆ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ; ಪಿನ್ ಹಾಕಿದಿರಿ ಎಂದರೆ ನಿಮ್ಮ ಖಾತೆಯಿಂದ ಹಣ ಹೋಯಿತು. ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ತಾತನ ಕಾಲದ ಗಿಟಾರು ಮನೆಯಲ್ಲಿದೆ. ಪುಣೆಯವರೊಬ್ಬರು ಆನ್‌ಲೈನಿನಲ್ಲಿ ಕೊಂಡಿದ್ದಾರೆ. ಹಾರ್ಡ್ ಕೇಸ್ ಇದೆ, ಆದರೆ ಸಡಿಲ. ಮುರಿಯದಂತೆ ಕಳಿಸುವುದು ಹೇಗೆ?
— ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಪಾರ್ಸೆಲ್ಲಿನಲ್ಲಿ ಗಿಟಾರು ಹೆಚ್ಚಾಗಿ ಮುರಿಯುವ ಜಾಗ ಒಂದೇ: ನಟ್ಟಿನ ಹಿಂದೆ, ಹೆಡ್‌ಸ್ಟಾಕ್ ಹಿಂದಕ್ಕೆ ಬಾಗುವ ಕಡೆ. ಅಲ್ಲಿ ಮರ ತೆಳುವಾಗಿರುತ್ತದೆ. ಟ್ರಸ್ ರಾಡಿಗೆ (ನೆಕ್ಕಿನೊಳಗಿನ ಲೋಹದ ಸರಳು) ಕೊರೆದ ಗುಳಿ ಅದನ್ನು ಇನ್ನೂ ತೆಳು ಮಾಡಿರುತ್ತದೆ. ಬಾಕ್ಸ್ ದೊಪ್ಪನೆ ಬಿದ್ದಾಗ ಬಾಡಿ ನಿಲ್ಲುತ್ತದೆ, ಬಿರಡೆಗಳ ಭಾರ ಹೊತ್ತ ಹೆಡ್‌ಸ್ಟಾಕ್ ನಿಲ್ಲದೆ ಮುಂದೆ ಹೋಗುತ್ತದೆ. ಕೇಸಿಗೆ ಒಂದು ಗೆರೆಯೂ ಬೀಳದೆ ಒಳಗೆ ತಲೆ ತುಂಡಾಗುವುದು ಹೀಗೆ. ಸಡಿಲ ಕೇಸಿನಲ್ಲಿ ಇದರ ಅಪಾಯ ಜಾಸ್ತಿ.

ಮೊದಲು ತಂತಿಗಳನ್ನು ಎರಡು ಮೂರು ಫ್ರೆಟ್ಟಿನಷ್ಟು ಶ್ರುತಿ ಇಳಿಸಿ. ಪೂರ್ತಿ ಬಿಚ್ಚಬೇಡಿ; ಬಿಚ್ಚಿದರೆ ಸ್ಯಾಡಲ್ಲು, ಬ್ರಿಜ್ ಪಿನ್ನುಗಳು ಉದುರಿ ಟಾಪನ್ನು ಗೀರುತ್ತವೆ, ಟ್ರಸ್ ರಾಡ್ ನೆಕ್ಕನ್ನು ಹಿಂದಕ್ಕೆ ಎಳೆಯುತ್ತದೆ. ತಂತಿಗೂ ಫ್ರೆಟ್ಟಿಗೂ ನಡುವೆ ಮಡಿಸಿದ ಮೆತ್ತನೆಯ ಕಾಗದ ತೂರಿಸಿ. ಪಿಕಪ್ ಇದ್ದರೆ 9 ವೋಲ್ಟ್ ಬ್ಯಾಟರಿ ತೆಗೆಯಿರಿ. ಕೇಪೋ, ಟ್ಯೂನರ್, ಕೇಸಿನ ಕೀ ಯಾವುದೂ ಕೇಸಿನೊಳಗೆ ಬಿಡಿಯಾಗಿ ಇರಬಾರದು.

ಹಳೆಯ ಪಾಲಿಶಿಗೆ ಬಬಲ್ ರ್‍ಯಾಪ್ ನೇರವಾಗಿ ಸುತ್ತಬೇಡಿ, ಬಿಸಿಲಿಗೆ ಅದರ ಗುಳ್ಳೆ ಗುರುತು ಪಾಲಿಶಿನ ಮೇಲೆ ಉಳಿದುಬಿಡುತ್ತದೆ. ಮೊದಲು ಹತ್ತಿ ಬಟ್ಟೆ, ಹಳೆಯ ಪಂಚೆಯಾದರೂ ಸರಿ. ಕೇಸಿನಲ್ಲಿ ಮಲಗಿಸಿದ ಮೇಲೆ ನೆಕ್ಕಿಗೆ ನಟ್ಟಿನ ಹತ್ತಿರ ಕೆಳಗಿನಿಂದ ಗಟ್ಟಿ ಆಸರೆ ಕೊಡಿ. ಹೆಡ್‌ಸ್ಟಾಕಿನ ತುದಿ ಕೇಸಿಗೆ ತಾಗಬಾರದು. ಅದರ ಕೆಳಗೆ, ಎರಡೂ ಪಕ್ಕ, ಮೇಲೆ ಉಂಡೆ ಮಾಡಿದ ಕಾಗದ ತುಂಬಿ. ತುರುಕಬೇಡಿ, ಹೆಡ್‌ಸ್ಟಾಕನ್ನು ತಳ್ಳುವಷ್ಟು ತುಂಬಿದರೆ ಅದೂ ಅಪಾಯವೇ. ಬಾಡಿಯ ಬುಡ, ಸೊಂಟದ ಸಂದಿಗಳಿಗೂ ಕಾಗದ ಹಾಕಿ. ಮುಚ್ಚಳ ಹಾಕಿ ಕೇಸನ್ನು ಎತ್ತಿ ಅಲ್ಲಾಡಿಸಿ. ಒಳಗೆ ಏನಾದರೂ ಸರಿದರೆ ಇನ್ನೂ ತುಂಬಬೇಕು.

ಹೊರಗಿನ ರಟ್ಟಿನ ಬಾಕ್ಸಿಗೂ ಕೇಸಿಗೂ ನಡುವೆ ಸುತ್ತಲೂ 5 ಸೆಂ.ಮೀ. ಜಾಗ ಇರಲಿ, ಅದನ್ನು ಬಿಗಿ ಕಾಗದದ ಉಂಡೆಯಿಂದ ತುಂಬಿ. ಹೊಸ ಗಿಟಾರು ಬಂದ ಖಾಲಿ ಬಾಕ್ಸು ವಾದ್ಯದ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಇಲ್ಲವಾದರೆ ಎರಡು ಬಾಕ್ಸುಗಳನ್ನು ಒಂದರೊಳಗೊಂದು ಸೇರಿಸಿ ಉದ್ದ ಮಾಡಿ. ಬರೀ ಥರ್ಮೋಕೋಲ್ ನಂಬಬೇಡಿ, ಮೊದಲ ಪೆಟ್ಟಿಗೇ ಪುಡಿಯಾಗಿ ಎರಡನೆಯ ಪೆಟ್ಟಿಗೆ ಜಾಗ ಖಾಲಿ ಬಿಡುತ್ತದೆ. ಬ್ರೌನ್ ಟೇಪನ್ನು ನಡುಸಂದಿಗೂ ಎರಡೂ ಅಂಚಿಗೂ ಹಾಕಿ. ಶ್ರುತಿ ಇಳಿಸುವುದರಿಂದ ಟೇಪ್ ಹಚ್ಚುವವರೆಗೆ ಪೂರ್ತಿ ವಿಡಿಯೋ ಮಾಡಿ.

ಕೇಸೇ ಇಲ್ಲದೆ ಬ್ಯಾಗಿನಲ್ಲಿ ಕಳಿಸುವವರಿಗೆ ಒಂದು ಮಾತು: ಬ್ಯಾಗು ರಕ್ಷಣೆಯಲ್ಲ. ನೆಕ್ಕಿನ ಬುಡದಿಂದ ಹೆಡ್‌ಸ್ಟಾಕ್ ಆಚೆಗೂ ಚಾಚುವಂತೆ ದಪ್ಪ ರಟ್ಟಿನ ಎರಡು ಪಟ್ಟಿಗಳನ್ನು ಕಟ್ಟಿ, ನೆಕ್ಕಿಗೆ ಕವಚ ಮಾಡಿ.

ರಾಜ್ಯದೊಳಗೆ ಕಳಿಸುವುದಾದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಒಳ್ಳೆಯದು: ಒಂದೇ ಬಸ್ಸಿನಲ್ಲಿ ಹೋದರೆ ಬಾಕ್ಸನ್ನು ಎತ್ತಿ ಇಳಿಸುವ ಕೈಗಳು ಕಡಿಮೆ. ಪುಣೆಗೆ ಲಾರಿ ಪಾರ್ಸೆಲ್ ಆಫೀಸೇ ಸರಿ. ಗೋಡೌನ್ ಡೆಲಿವರಿ ಬರೆಸಿ, ಕೊಂಡವರು ಅಲ್ಲಿಂದ ತೆಗೆದುಕೊಳ್ಳಲಿ. ರಸೀದಿಯಲ್ಲಿ ‘ಓನರ್ಸ್ ರಿಸ್ಕ್’ (ನಷ್ಟದ ಹೊಣೆ ಮಾಲೀಕರದ್ದೇ) ಎಂಬ ಮುದ್ರೆ ಬಿದ್ದಿದ್ದರೆ ನಷ್ಟವಾದಾಗ ವಾದಿಸುವುದು ಕಷ್ಟ; ಬೆಲೆ ಘೋಷಿಸಿ, ಇನ್ಶೂರೆನ್ಸ್ ಕಟ್ಟಿ ಕಳಿಸಿ. ಸೋಮವಾರ ಬುಕ್ ಮಾಡಿದರೆ ಭಾನುವಾರವೆಲ್ಲ ಬಾಕ್ಸು ಗೋಡೌನಿನಲ್ಲಿ ಕೂರುವುದು ತಪ್ಪುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಲ್ಲಿ ನಿಂತ ಲಾರಿಯ ಒಳಗೆ ಶಾಖ ವಿಪರೀತ ಏರುತ್ತದೆ, 60 ಡಿಗ್ರಿ ದಾಟಿದರೆ ಮರದ ಸಾಮಾನ್ಯ ಅಂಟುಗಳು ಮೆತ್ತಗಾಗಿ ಬ್ರಿಜ್ಜು ಏಳುತ್ತದೆ. ಕೊಂಡವರು ಒಪ್ಪಿದರೆ ಮಳೆ ಹಿಡಿಯುವವರೆಗೆ ಕಾಯಿರಿ.

ಪ್ರಶ್ನೆ: ಮಂಗಳೂರಿನಿಂದ ತರಿಸಿದ ಗಿಟಾರು ಡಿಸೆಂಬರಿನಲ್ಲಿ ಚೆನ್ನಾಗಿತ್ತು. ಮಾರ್ಚಿನಲ್ಲಿ ಫ್ರೆಟ್ಟಿನ ಅಂಚು ಕೈಗೆ ಚುಚ್ಚುತ್ತಿದೆ, ತಂತಿ ಝುಂಯ್ ಎನ್ನುತ್ತಿದೆ. ಮಾರಿದವರು ಮೋಸ ಮಾಡಿದರೇ?
— ಸಂಗೀತ ಶಿಕ್ಷಕಿ, ತಿಪಟೂರು

ಉತ್ತರ: ಇಲ್ಲ, ಇದು ಹವೆಯ ಕೆಲಸ. ಗಿಟಾರಿಗೆ ಹಿತವಾದದ್ದು ಗಾಳಿಯಲ್ಲಿ ಶೇಕಡಾ 45ರಿಂದ 55 ತೇವ. ಕರಾವಳಿಯ ತೇವದಲ್ಲಿ ಹಿಗ್ಗಿದ್ದ ಮರ, ನಮ್ಮ ಬಯಲುಸೀಮೆಯ ಬೇಸಿಗೆ ಮಧ್ಯಾಹ್ನದಲ್ಲಿ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ಫಿಂಗರ್‌ಬೋರ್ಡ್ ಕಿರಿದಾಗುತ್ತದೆ, ಲೋಹದ ಫ್ರೆಟ್ಟು ಆಗುವುದಿಲ್ಲ. ಹೀಗಾಗಿ ಅದರ ತುದಿ ಹೊರಗೆ ಇಣುಕುತ್ತದೆ. ಟಾಪ್ ತಗ್ಗಾಗಿ ತಂತಿಯೂ ತಗ್ಗುತ್ತದೆ, ಅದಕ್ಕೇ ಆ ಝುಂಯ್ ಸದ್ದು. ಇಡೀ ಮರದ ಟಾಪ್ ಇರುವ ಗಿಟಾರಿನಲ್ಲಿ ಮುಂದಿನ ಹಂತ ಬಿರುಕು.

ಫ್ರೆಟ್ಟನ್ನು ಈಗಲೇ ಅರದಿಂದ ಉಜ್ಜಿಸಬೇಡಿ, ಟ್ರಸ್ ರಾಡನ್ನೂ ಮುಟ್ಟಬೇಡಿ. ಗಿಟಾರನ್ನು ಗೋಡೆಯಿಂದ ಇಳಿಸಿ ಕೇಸಿನೊಳಗೆ ಇಡಿ. ತೂತು ಮಾಡಿದ ಪ್ಲಾಸ್ಟಿಕ್ ಸೋಪ್ ಡಬ್ಬಿಯಲ್ಲಿ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜು ಹಾಕಿ, ಕೇಸಿನಲ್ಲಿ ಹೆಡ್‌ಸ್ಟಾಕಿನ ಬಳಿ ಇಡಿ. ಹನಿ ಬೀಳಬಾರದು. ಪಕ್ಕದಲ್ಲಿ ತೇವ ಅಳೆಯುವ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಇರಲಿ. ಸ್ಪಂಜು ಒಣಗಿದಾಗಲೆಲ್ಲ ಮತ್ತೆ ಅದ್ದಿ. ಎರಡು ಮೂರು ವಾರದಲ್ಲಿ ಹೆಚ್ಚಿನ ಗಿಟಾರುಗಳು ಮೊದಲಿನಂತಾಗುತ್ತವೆ. ಬಿರುಕು ಬಿಟ್ಟಿದ್ದರೂ ಮೊದಲು ತೇವ, ಆಮೇಲೆ ಅಂಟು. ಒಣಗಿ ಬಾಯಿಬಿಟ್ಟ ಬಿರುಕಿಗೆ ಅಂಟು ತುಂಬಿದರೆ, ಮಳೆಗಾಲದಲ್ಲಿ ಮರ ಹಿಗ್ಗಿದಾಗ ಅದರ ಪಕ್ಕದಲ್ಲೇ ಒತ್ತಡ ಬೀಳುತ್ತದೆ.

ಪ್ರಶ್ನೆ: ಹಿಂಬದಿ ಬೀಟೆ ಮರದ್ದು ಎಂದು ಬರೆದಿದ್ದಾರೆ. ಕೊಂಡರೆ ಕಾನೂನಿನ ತೊಂದರೆ ಇದೆಯೇ?
— ಶಿರಾದ ಓದುಗರು

ಉತ್ತರ: ಬೀಟೆಯ ಎಲ್ಲ ಜಾತಿಗಳೂ 2017ರ ಜನವರಿಯಿಂದ, ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಪೂರ್ತಿ ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಿಂದ ಅದರಿಂದ ವಿನಾಯಿತಿ ಸಿಕ್ಕಿದೆ, ನಮ್ಮ ಬೀಟೆಯ ಗಿಟಾರೂ ಅದರಲ್ಲಿ ಸೇರಿದೆ. ಬ್ರೆಜಿಲಿನ ಬೀಟೆಗೆ ಮಾತ್ರ ಈ ವಿನಾಯಿತಿ ಇಲ್ಲ. ಅದು 1992ರಿಂದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. 1960ರ ದಶಕದ ದುಬಾರಿ ಅಮೆರಿಕನ್ ಗಿಟಾರುಗಳಲ್ಲಿ ಅದು ಇರಬಹುದು, ದಾಖಲೆ ಇಲ್ಲದೆ ಗಡಿ ದಾಟಿಸುವಂತಿಲ್ಲ. ದಂತದ ನಟ್ಟು, ಆಮೆಚಿಪ್ಪಿನ ಅಲಂಕಾರ ಎಂದು ಬರೆದಿದ್ದರೆ ಅಂಥದ್ದರ ತಂಟೆಗೇ ಹೋಗಬೇಡಿ.

ಪ್ರಶ್ನೆ: ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರು. ಸ್ಟೀಲ್ ತಂತಿ ಹಾಕಬಹುದೇ?
— ಕೋಲಾರ

ಉತ್ತರ: ಬೇಡ. ನೈಲಾನ್ ತಂತಿಗಳ ಎಳೆತ ಸ್ಟೀಲಿನ ಅರ್ಧದಷ್ಟು. ಆ ಗಿಟಾರಿನ ಟಾಪು, ಬ್ರೇಸು, ಬ್ರಿಜ್ಜು ಅಷ್ಟಕ್ಕೇ ಕಟ್ಟಿದ್ದು. ಸ್ಟೀಲ್ ಹಾಕಿದರೆ ಬ್ರಿಜ್ಜು ಕಿತ್ತು ಬರುತ್ತದೆ. ಇದೇ ಕಾರಣಕ್ಕೆ, ಹರಾಜಿನ ಫೋಟೋದಲ್ಲಿ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಕಂಡರೆ ಮುಂದೆ ಹೋಗಿಬಿಡಿ.

ಪ್ರಶ್ನೆ: ಪಾರ್ಸೆಲ್ ಬಂತು, ತೆರೆದರೆ ಹೆಡ್‌ಸ್ಟಾಕ್ ಸೀಳಿದೆ. ಈಗ ಏನು ಮಾಡಲಿ?
— ಮಧುಗಿರಿಯ ಓದುಗರು

ಉತ್ತರ: ಬಾಕ್ಸು, ಕಾಗದ, ಟೇಪು ಏನನ್ನೂ ಎಸೆಯಬೇಡಿ. ಬಾಕ್ಸಿನ ಆರೂ ಮುಖ, ಒಳಗಿನ ಪ್ಯಾಕಿಂಗ್, ಸೀಳು, ಎಲ್ಲದರ ಫೋಟೋ ತೆಗೆದು ಅದೇ ದಿನ ಮಾರಿದವರಿಗೂ ತಾಣಕ್ಕೂ ಕಳಿಸಿ. ಲಾರಿ ಕಂಪನಿಗೆ ಬರಹದಲ್ಲಿ ನೋಟಿಸ್ ಕೊಡಬೇಕು. 2007ರ ರಸ್ತೆ ಸಾಗಣೆ ಕಾಯ್ದೆಯಡಿ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ನೋಟಿಸ್ ಕೊಡದಿದ್ದರೆ ಮೊಕದ್ದಮೆ ಹೂಡುವಂತಿಲ್ಲ. ಇನ್ನು ಮುಂದೆ ಬಾಕ್ಸು ಜಜ್ಜಿದ್ದರೆ ಅಥವಾ ಒದ್ದೆಯಾಗಿದ್ದರೆ ಸಹಿ ಹಾಕುವ ಮೊದಲೇ ಡೆಲಿವರಿ ಪ್ರತಿಯ ಮೇಲೆ ಹಾಗೆಂದು ಬರೆಯಿರಿ, ತೆರೆಯುವುದನ್ನೂ ವಿಡಿಯೋ ಮಾಡಿ.

ಪರಿಹಾರದ ಮಾತು ಮುಗಿಯುವವರೆಗೆ ರಿಪೇರಿ ಬೇಡ. ಆದರೆ ಗಾಬರಿಯೂ ಬೇಡ: ಎಳೆಯ ಗುಂಟ ಉದ್ದಕ್ಕೆ ಸೀಳಿದ ತಾಜಾ ಬಿರುಕು ಒಳ್ಳೆಯ ಅಂಟಿಗೆ ಚೆನ್ನಾಗಿ ಕೂರುತ್ತದೆ. ಅದನ್ನು ಕೆಡಿಸುವುದು ಮನೆಯಲ್ಲಿ ಹಾಕುವ ಸೂಪರ್ ಗ್ಲೂ. ಅದು ಸೀಳಿನೊಳಗೆ ಗಟ್ಟಿಯಾಗಿ, ಮುಂದೆ ಹಾಕುವ ಸರಿಯಾದ ಅಂಟು ಮರಕ್ಕೆ ಹಿಡಿಯದಂತೆ ಮಾಡುತ್ತದೆ. ಬಡಗಿಗಳ ಸಾಧಾರಣ ಬಿಳಿ ಅಂಟು ತಂತಿಯ ನಿರಂತರ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ತಂತಿಗಳನ್ನು ಪೂರ್ತಿ ಸಡಿಲಿಸಿ. ಸೀಳನ್ನು ಅಗಲಿಸಿ ನೋಡುವ ಆಸೆ ಬಿಡಿ, ಒಳಮೈಯನ್ನು ಬೆರಳಿನಿಂದ ಮುಟ್ಟಬೇಡಿ. ಉದುರಿದ ಚೂರುಗಳಲ್ಲಿ ಅಕ್ಕಿಕಾಳಿನಷ್ಟು ಚಿಕ್ಕದನ್ನೂ ಬಿಡದೆ ಕವರಿನಲ್ಲಿ ಹಾಕಿ, ಗಿಟಾರಿನ ಜೊತೆ ರಿಪೇರಿಯವರ ಕೈಗೆ ಕೊಡಿ.